ಕ್ರೂಸ್ ದರ ಏರಿದ್ದೇಕೆ, ಬಾಲ್ಕನಿ ಕೋಣೆಗೆ ಎಷ್ಟು ಕೊಡಬಹುದು?

ಬೇಸಿಗೆಯಲ್ಲಿ ಅಮೆರಿಕದ ಮಕ್ಕಳ ಮನೆಗೆ ಹೋಗಿಬರುವ ನಮ್ಮ ಕಡೆಯ ತಂದೆತಾಯಂದಿರ ಪಟ್ಟಿಯಲ್ಲಿ ನಯಾಗರದ ಜೊತೆಗೆ ಈಗ ಅಲಾಸ್ಕಾ ಕ್ರೂಸ್ ಕೂಡ ಸೇರಿಕೊಂಡಿದೆ. ಸಿಯಾಟಲ್‌ನಲ್ಲಿ ಹತ್ತಿ, ಜುನೋ, ಸ್ಕ್ಯಾಗ್ವೇ, ಕೆಚಿಕನ್ ನೋಡಿಕೊಂಡು, ಏಳು ರಾತ್ರಿ ಕಳೆದು ಮತ್ತೆ ಸಿಯಾಟಲ್‌ನಲ್ಲೇ ಇಳಿಯುವ ಪ್ರವಾಸ ಅದು. ಮಗಳೋ ಮಗನೋ ವೆಬ್‌ಸೈಟ್ ತೆರೆದಾಗ ದೊಡ್ಡ ಅಕ್ಷರದಲ್ಲಿ ಕಾಣುವುದು ಕಿಟಕಿಯೇ ಇಲ್ಲದ ಒಳಗಿನ ಕ್ಯಾಬಿನ್ನಿನ ದರ, ಅದೂ ಒಬ್ಬರಿಗೆ. ಬುಕ್ ಮಾಡಿದ ಕೆಲವು ವಾರಗಳಲ್ಲಿ ಒಂದು ಇ-ಮೇಲ್ ಬರುತ್ತದೆ: ‘ಬಾಲ್ಕನಿ ಇರುವ ಕೋಣೆ ಬೇಕೇ? ಎಷ್ಟು ಕೊಡುತ್ತೀರಿ, ನೀವೇ ಹೇಳಿ.’ ಈ ಮೇಲ್‌ಗೆ ಆತುರದಲ್ಲಿ ಉತ್ತರ ಕೊಟ್ಟು ನೂರಾರು ಡಾಲರ್ ಕಳೆದುಕೊಳ್ಳುವವರಿದ್ದಾರೆ. ಕೊಡುವ ಮುಂಚೆ ಹಡಗಿನವರ ಲೆಕ್ಕ ಹೇಗೆ ನಡೆಯುತ್ತದೆ ಎಂದು ತಿಳಿದಿರುವುದು ಒಳ್ಳೆಯದು.

ಮೊದಲು ದರ ಏರಿದ್ದೇಕೆ ಎಂದು ನೋಡೋಣ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಕ್ರೂಸ್ ಹಡಗುಗಳು ಲಂಗರು ಹಾಕಿದವು. ಅಮೆರಿಕದ ಬಂದರುಗಳಿಂದ ಅವು ಮತ್ತೆ ಪ್ರಯಾಣಿಕರನ್ನು ಹತ್ತಿಸಿಕೊಂಡು ಹೊರಟದ್ದು 2021ರ ಜೂನ್‌ನಲ್ಲಿ. ಅಷ್ಟು ದಿನ ಆದಾಯವಿಲ್ಲದೆ ಹಡಗು, ಎಂಜಿನ್, ಸಿಬ್ಬಂದಿಯನ್ನು ಕಾಪಾಡಿಕೊಳ್ಳಲು ಕಂಪನಿಗಳು ಸಾಲ ಎತ್ತಿದವು. ಎಲ್ಲಕ್ಕಿಂತ ದೊಡ್ಡದಾದ ಕಾರ್ನಿವಲ್ ಕಂಪನಿಯ ಸಾಲ ಒಂದು ಹಂತದಲ್ಲಿ 3,500 ಕೋಟಿ ಡಾಲರ್ ಮೀರಿತ್ತು. ಆ ಸಾಲ, ಅದರ ಬಡ್ಡಿ ಎರಡೂ ಟಿಕೆಟ್ಟಿನಿಂದಲೇ ತೀರಬೇಕು. ಜನರೂ ಹಿಂದೆ ಸರಿಯಲಿಲ್ಲ. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 2.97 ಕೋಟಿ ಮಂದಿ ಕ್ರೂಸ್ ಹೋಗಿದ್ದರೆ 2024ರಲ್ಲಿ ಅದು ಸುಮಾರು 3.46 ಕೋಟಿಗೆ ಏರಿತು. ಬೇಡಿಕೆ ಬಂತೆಂದು ಹಡಗನ್ನು ಬೇಗ ಕಟ್ಟಿಸಲು ಆಗುವುದಿಲ್ಲ. ಇಷ್ಟು ದೊಡ್ಡ ಹಡಗು ಕಟ್ಟುವ ಯಾರ್ಡ್‌ಗಳು ಫಿನ್ಲೆಂಡ್, ಜರ್ಮನಿ, ಫ್ರಾನ್ಸ್, ಇಟಲಿಗಳಲ್ಲಿ ಬೆರಳೆಣಿಕೆಯಷ್ಟೇ ಇವೆ. ಅವುಗಳ ಕೈಯಲ್ಲಿ ವರ್ಷಗಟ್ಟಲೆಯ ಆರ್ಡರ್‌ಗಳಿವೆ.

ಇದರ ಮೇಲೆ ಬಂದರಿನ ತೆರಿಗೆ. ಅಲಾಸ್ಕಾ ರಾಜ್ಯ ಪ್ರತಿ ಕ್ರೂಸ್ ಪ್ರಯಾಣಿಕರ ಮೇಲೆ 34.50 ಡಾಲರ್ ವಿಧಿಸುತ್ತದೆ. ಗ್ರೀಸ್ ದೇಶ 2025ರ ಜುಲೈನಿಂದ ಸ್ಯಾಂಟೊರಿನಿ, ಮೈಕೊನೊಸ್ ದ್ವೀಪಗಳಲ್ಲಿ ಸೀಸನ್ನಿನಲ್ಲಿ ತಲೆಗೆ 20 ಯೂರೋ ವಸೂಲು ಮಾಡುತ್ತಿದೆ. ಜುನೋ ಊರಿನವರು ಜನದಟ್ಟಣೆ ತಾಳಲಾರದೆ 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಎಂದು ಮಿತಿ ಹಾಕಿಸಿದರು. ಆ ಊರಿನವರ ಕಷ್ಟ ನ್ಯಾಯವಾದದ್ದು. ಆದರೆ ಸೀಟು ಸೀಮಿತವಾದಾಗ ದರ ಮೇಲೆ ಹೋಗುತ್ತದೆ. ರೂಪಾಯಿಯಲ್ಲಿ ಸಂಪಾದಿಸುವವರಿಗೆ ಇನ್ನೊಂದು ಏಟೂ ಇದೆ. 2019ರಲ್ಲಿ 70 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ 2024ರ ಕೊನೆಯಲ್ಲಿ 85 ದಾಟಿತು.

ಈಗ ಅಪ್‌ಗ್ರೇಡ್ ವಿಷಯ. ಹಡಗಿನ ಕೋಣೆಗಳಲ್ಲಿ ನಾಲ್ಕು ಬಗೆ: ಕಿಟಕಿಯಿಲ್ಲದ ಒಳ ಕ್ಯಾಬಿನ್, ತೆರೆಯಲು ಬಾರದ ಗಾಜಿನ ಕಿಟಕಿಯ ಓಷನ್ ವ್ಯೂ, ಬಾಲ್ಕನಿ, ಸೂಟ್ ರೂಮು. ಹಡಗು ಹೊರಡುವಾಗ ಖಾಲಿ ಉಳಿದ ಕೋಣೆಯಿಂದ ಕಂಪನಿಗೆ ಎರಡು ನಷ್ಟ. ಒಂದು ಟಿಕೆಟ್ಟಿನದು, ಇನ್ನೊಂದು, ಆ ಕೋಣೆಯಲ್ಲಿ ಇರಬೇಕಿದ್ದವರು ಹಡಗಿನಲ್ಲಿ ಮದ್ಯ, ವೈಫೈ, ಸ್ಪಾ, ಕ್ಯಾಸಿನೋ, ಬಂದರಿನ ಟೂರುಗಳಿಗೆ ಮಾಡುತ್ತಿದ್ದ ಖರ್ಚಿನದು. ಕಾರ್ನಿವಲ್‌ನ 2024ರ ಒಟ್ಟು ಆದಾಯ ಸುಮಾರು 2,500 ಕೋಟಿ ಡಾಲರ್. ಅದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಹೀಗೆ ಹಡಗಿನೊಳಗಿನ ಖರ್ಚಿನಿಂದ ಬಂದದ್ದು. ಹಾಗಾಗಿ ಹಡಗು ತುಂಬಲೇಬೇಕು.

ಕೊನೆಯ ವಾರಗಳಲ್ಲಿ ಬೇಗ ಬಿಕರಿಯಾಗುವುದು ಅಗ್ಗದ ಕೋಣೆ, ಉಳಿಯುವುದು ದುಬಾರಿಯದು. ದುಬಾರಿ ಕೋಣೆಯ ದರವನ್ನು ಎಲ್ಲರೆದುರು ಇಳಿಸಿದರೆ ಮೊದಲೇ ಪೂರ್ತಿ ಹಣ ಕೊಟ್ಟವರು ಜಗಳಕ್ಕೆ ಬರುತ್ತಾರೆ, ಮುಂದಿನ ವರ್ಷ ಯಾರೂ ಮುಂಚಿತವಾಗಿ ಕೊಳ್ಳುವುದಿಲ್ಲ. ಅದರ ಬದಲು ಒಳ ಕ್ಯಾಬಿನ್ನಿನವರನ್ನು ಒಂದಿಷ್ಟು ಹಣಕ್ಕೆ ಬಾಲ್ಕನಿಗೆ ಏರಿಸಿ, ಅವರು ಬಿಟ್ಟ ಅಗ್ಗದ ಕೋಣೆಯನ್ನು ಮತ್ತೊಬ್ಬರಿಗೆ ಮಾರುತ್ತಾರೆ. ನಮ್ಮ ರೈಲ್ವೆ ಇದನ್ನೇ ಮಾಡುತ್ತದಲ್ಲ: ಎಸಿ ಬೋಗಿಯಲ್ಲಿ ಬರ್ತ್ ಖಾಲಿ ಉಳಿದರೆ ಸ್ಲೀಪರ್ ಟಿಕೆಟ್ಟಿನವರನ್ನು ಅಲ್ಲಿಗೆ ಏರಿಸಿ, ಅವರ ಬರ್ತನ್ನು ವೇಯ್ಟಿಂಗ್ ಲಿಸ್ಟಿನವರಿಗೆ ಕೊಡುತ್ತದೆ. ರೈಲ್ವೆ ಅದಕ್ಕೆ ಹೆಚ್ಚುವರಿ ಹಣ ಕೇಳುವುದಿಲ್ಲ, ಹಡಗಿನವರು ಕೇಳುತ್ತಾರೆ. ರಾಯಲ್ ಕೆರಿಬಿಯನ್ ಕಂಪನಿಯಲ್ಲಿ ಈ ಯೋಜನೆಯ ಹೆಸರು ‘ರಾಯಲ್‌ಅಪ್’, ಸೆಲೆಬ್ರಿಟಿಯಲ್ಲಿ ‘ಮೂವ್‌ಅಪ್’, ನಾರ್ವೇಜಿಯನ್‌ನಲ್ಲಿ ‘ಅಪ್‌ಗ್ರೇಡ್ ಅಡ್ವಾಂಟೇಜ್’. ಕನಿಷ್ಠ ಮೊತ್ತವನ್ನು ಕಂಪನಿಯೇ ತೋರಿಸುತ್ತದೆ, ಅದರ ಮೇಲೆ ಎಷ್ಟು ಬಿಡ್ ಮಾಡಬೇಕೆಂಬುದು ನಿಮ್ಮ ಆಯ್ಕೆ. ಪರದೆಯ ಮೇಲಿನ ಮೀಟರ್ ‘ದುರ್ಬಲ’, ‘ಪ್ರಬಲ’ ಎಂದು ಬಣ್ಣ ಬದಲಿಸುತ್ತದೆ. ಅದನ್ನು ನೋಡಿ ಮೊತ್ತ ಏರಿಸುತ್ತ ಹೋಗಬೇಡಿ. ಎಷ್ಟು ಕೋಣೆ ಖಾಲಿ ಇದೆ ಎಂದು ಅದು ಹೇಳುವುದಿಲ್ಲ, ಮತ್ತು ಅದನ್ನು ಇಟ್ಟಿರುವುದು ಮಾರುವವರು.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಳ ಕ್ಯಾಬಿನ್ ತಲೆಗೆ 900 ಡಾಲರ್, ಬಾಲ್ಕನಿ 1,500. ನೀವು ಒಳ ಕ್ಯಾಬಿನ್ ಬುಕ್ ಮಾಡಿದ್ದೀರಿ. ಬಾಲ್ಕನಿಗೆ 250 ಡಾಲರ್ ಬಿಡ್ ಮಾಡಿ ಎನ್ನುತ್ತದೆ ಮೇಲ್. ಆ 250 ಕೂಡ ಒಬ್ಬರ ಲೆಕ್ಕ, ದಂಪತಿಗೆ 500. ಒಂಟಿಯಾಗಿ ಹೋಗುವವರೂ ಸಾಮಾನ್ಯವಾಗಿ ಇಬ್ಬರ ಹಣವನ್ನೇ ಕೊಡಬೇಕು. ಆದರೆ ಒಂದೇ ಕೋಣೆಯಲ್ಲಿ ಮೂರು-ನಾಲ್ಕು ಮಂದಿ ಇದ್ದರೆ ಬಿಡ್ ಮೊತ್ತ ಮೊದಲಿಬ್ಬರಿಗೆ ಮಾತ್ರ, ಮಕ್ಕಳಿರುವ ಸಂಸಾರಕ್ಕೆ ಇದು ನಿಜವಾಗಿ ಲಾಭ. 1,500ರಿಂದ 900 ಕಳೆದರೆ 600, ಅದು 250ಕ್ಕೆ ಸಿಗುತ್ತಿದೆ ಎಂದು ಹಿಗ್ಗುವ ಮುಂಚೆ ಅದೇ ಬಾಲ್ಕನಿ ಇವತ್ತು ವೆಬ್‌ಸೈಟಿನಲ್ಲಿ ಎಷ್ಟಕ್ಕಿದೆ ನೋಡಿ. ಅದು 1,200ಕ್ಕೆ ಇಳಿದಿದ್ದರೆ ನಿಜವಾದ ಅಂತರ 300 ಮಾತ್ರ. ಆಗ 50 ಡಾಲರ್ ಉಳಿಸಲು ಬಿಡ್ ಮಾಡಿ ಕಾಯುವುದರಲ್ಲಿ ಅರ್ಥವಿಲ್ಲ. ಏಜೆಂಟರಿಗೆ ಫೋನ್ ಮಾಡಿ ಅಂತರದ ಹಣ ಕಟ್ಟಿ, ನಿಮಗೆ ಬೇಕಾದ ಕೋಣೆಯನ್ನೇ ಹಿಡಿದುಕೊಳ್ಳಿ.

ಕೋಣೆಯ ಆಯ್ಕೆ ಎಂಬುದು ಸಣ್ಣ ವಿಷಯವಲ್ಲ. ಬಿಡ್ ಒಪ್ಪಿಗೆಯಾದರೆ ಬಾಲ್ಕನಿ ವರ್ಗದ ಯಾವ ಕೋಣೆಯಾದರೂ ಬರಬಹುದು: ಲೈಫ್‌ಬೋಟ್ ಅಡ್ಡ ನಿಂತದ್ದು, ನಡುರಾತ್ರಿಯವರೆಗೆ ಸಂಗೀತ ಬಡಿಯುವ ಹಾಲ್‌ನ ಕೆಳಗಿನದು, ಲಿಫ್ಟ್‌ನಿಂದ ಬಹುದೂರದ ಮೂಲೆಯದು. ಮಂಡಿನೋವಿನ ಅಮ್ಮನಿಗೆ ಆ ಉದ್ದ ಕಾರಿಡಾರನ್ನು ದಿನಕ್ಕೆ ಆರು ಸಲ ನಡೆಯುವುದು ಬಾಲ್ಕನಿಯ ಸುಖಕ್ಕಿಂತ ದೊಡ್ಡ ಕಷ್ಟ. ಮಕ್ಕಳದೊಂದು, ಹಿರಿಯರದೊಂದು ಎಂದು ಅಕ್ಕಪಕ್ಕದ ಎರಡು ಕೋಣೆ ಹಿಡಿದಿದ್ದರೆ ಬಿಡ್ ಒಂದಕ್ಕೆ ಮಾತ್ರ ಸಿಕ್ಕಿ ಎರಡೂ ಬೇರೆ ಬೇರೆ ಮಹಡಿಗೆ ಹೋಗಬಹುದು. ಒಪ್ಪಿಗೆಯಾಗುವ ತನಕ ಬಿಡ್ ಹಿಂಪಡೆಯಬಹುದು, ಆದಮೇಲೆ ಕಾರ್ಡಿನಿಂದ ಹಣ ಹೋಗಿಬಿಡುತ್ತದೆ, ಮರಳುವುದಿಲ್ಲ. ಸೂಟ್ ರೂಮಿಗೆ ಏರಿದರೆ ಟಿಪ್ಸ್ ಕೂಡ ಏರುತ್ತದೆ. ರಾಯಲ್ ಕೆರಿಬಿಯನ್ 2024ರ ನವೆಂಬರ್‌ನಲ್ಲಿ ನಿಗದಿ ಮಾಡಿದ ಪ್ರಕಾರ ದಿನಕ್ಕೆ ತಲೆಗೆ 18.50 ಡಾಲರ್, ಸೂಟ್‌ನವರಿಗೆ 21.

ಆದ್ದರಿಂದ ನನ್ನ ಸಲಹೆ ಇದು. ಇಲ್ಲದಿದ್ದರೂ ನಡೆಯುತ್ತದೆ ಎನ್ನುವಂಥದ್ದಕ್ಕೆ ಮಾತ್ರ ಬಿಡ್ ಮಾಡಿ. ಬೇಕೇ ಬೇಕು ಎನ್ನುವುದನ್ನು ಮೊದಲೇ ದುಡ್ಡು ಕೊಟ್ಟು ಕೊಳ್ಳಿ, ಮರಳಿ ಸಿಗುವ ಡೆಪಾಸಿಟ್ ಇರುವ ದರದಲ್ಲೇ ಕೊಳ್ಳಿ. ಅಮೆರಿಕದ ಕಂಪನಿಗಳಲ್ಲಿ ಕೊನೆಯ ಕಂತಿನ ಗಡುವು ವಾರದ ಪ್ರವಾಸಕ್ಕೆ ಸಾಮಾನ್ಯವಾಗಿ 90 ದಿನ ಮುಂಚೆ, ಕೆಲವು ಕಡೆ 120 ದಿನ. ಅಲ್ಲಿಯವರೆಗೆ ದರ ಇಳಿದರೆ ಇಳಿದ ದರ ಹಾಕಿಸಿಕೊಳ್ಳುವ ಅವಕಾಶ ಬಹುತೇಕ ಇರುತ್ತದೆ, ಆದರೆ ನೀವಾಗಿ ಕೇಳಬೇಕು. ಗಡುವು ಮುಗಿದ ಮೇಲೆ ಆ ಹಿಡಿತ ನಿಮ್ಮ ಕೈಯಲ್ಲಿಲ್ಲ. ವಾರಕ್ಕೊಮ್ಮೆ ದರ ನೋಡುವ ಕೆಲಸವನ್ನು ಮನೆಯಲ್ಲಿ ಒಬ್ಬರು ವಹಿಸಿಕೊಂಡರೆ ಸಾಕು.

ಬಾಲ್ಕನಿ ಯಾವಾಗ ಬೇಕು? ಅಲಾಸ್ಕಾದ ‘ಗ್ಲೇಸಿಯರ್ ಬೇ’ ಕೊಲ್ಲಿಗೆ ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಅನುಮತಿ. ಅಲ್ಲಿ ಮಾರ್ಜರಿ ಹಿಮನದಿಯ ಎದುರು ಹಡಗು ನಿಂತು, ನಿಧಾನವಾಗಿ ಪೂರ್ತಿ ಸುತ್ತು ತಿರುಗುತ್ತದೆ. ನೀಲಿ ಹಿಮದ ಗೋಡೆ ಬಿರಿದು ನೀರಿಗೆ ಬೀಳುವ ಸದ್ದು ತುಸು ತಡವಾಗಿ ಕಿವಿಗೆ ಬರುತ್ತದೆ. ಮೇಲಿನ ಡೆಕ್‌ನ ಚಳಿಗಾಳಿ, ಜನಸಂದಣಿ ತಡೆಯಲಾರದ ಹಿರಿಯರು ಶಾಲು ಹೊದ್ದು ತಮ್ಮ ಕೋಣೆಯಿಂದಲೇ ಇದನ್ನು ನೋಡಬಹುದು. ಕೋಣೆ ಎಡಕ್ಕೋ ಬಲಕ್ಕೋ ಎಂಬ ಚಿಂತೆಯೂ ಇಲ್ಲ. ಇಂಥ ಕಡೆ ಬಾಲ್ಕನಿಗೆ ಕೊಟ್ಟ ಹಣ ಸಾರ್ಥಕ. ಬಹಾಮಾಸ್‌ಗೆ ಮೂರು ರಾತ್ರಿ ಹೋಗುವವರು ಹಗಲೆಲ್ಲ ಕಡಲತೀರದಲ್ಲಿರುತ್ತಾರೆ, ಅವರಿಗೆ ಒಳ ಕ್ಯಾಬಿನ್ ಸಾಕು. ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯದ ಕತ್ತಲೆ ಎಂಬುದೊಂದೇ ತೊಂದರೆ. ಹಡಗಿನ ಮುಂಭಾಗದ ಕ್ಯಾಮೆರಾ ತೋರಿಸುವ ಟಿ.ವಿ. ಚಾನೆಲ್ ಇದ್ದರೆ ಸದ್ದಿಲ್ಲದೆ ಹಾಕಿಟ್ಟು ಮಲಗಿ, ಬೆಳಗಾದದ್ದು ಅದರಲ್ಲೇ ಕಾಣುತ್ತದೆ. ಮುಂಬೈನಿಂದ ಹೊರಡುವ ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’ 1990ರಲ್ಲಿ ಕಟ್ಟಿದ ಹಡಗು. ಆ ಕಾಲದ ಹಡಗುಗಳಲ್ಲಿ ಬಾಲ್ಕನಿ ಕೋಣೆಗಳೇ ಕಡಿಮೆ, ಗೋವಾ ಅಥವಾ ಲಕ್ಷದ್ವೀಪದ ಸಣ್ಣ ಪ್ರವಾಸಕ್ಕೆ ಕಿಟಕಿ ಇದ್ದರೆ ಧಾರಾಳವಾಯಿತು.

ಸಿಯಾಟಲ್‌ನಿಂದ ಹೋಗುವವರು ಇನ್ನೊಂದು ಖರ್ಚನ್ನು ಸೇರಿಸಿಕೊಳ್ಳಬೇಕು. 1886ರ ಒಂದು ಅಮೆರಿಕನ್ ಕಾನೂನಿನ ಕಾರಣ ವಿದೇಶಿ ಧ್ವಜದ ಹಡಗು ಈ ದಾರಿಯಲ್ಲಿ ಬೇರೆ ದೇಶದ ಬಂದರೊಂದನ್ನು ಮುಟ್ಟಲೇಬೇಕು. ಹಾಗಾಗಿ ಹೆಚ್ಚಿನವು ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ಪ್ರವಾಸಿ ವೀಸಾದಲ್ಲಿ ಅಮೆರಿಕಕ್ಕೆ ಬಂದಿರುವ ಭಾರತದ ಪಾಸ್‌ಪೋರ್ಟಿನ ತಂದೆತಾಯಿಗೆ ಆ ಕೆಲವು ಗಂಟೆಗೂ ಕೆನಡಾ ವೀಸಾ ಬೇಕು. ಶುಲ್ಕ ತಲೆಗೆ 100 ಕೆನಡಿಯನ್ ಡಾಲರ್, ಬೆರಳಚ್ಚಿಗೆ ಇನ್ನೂ 85. ವೀಸಾ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು, ಅಪ್‌ಗ್ರೇಡ್ ಯೋಚನೆಗಿಂತ ಮೊದಲು ಈ ಅರ್ಜಿ ಹಾಕಿ.

ಬಿಡ್ ಒಪ್ಪಿಗೆಯಾದ ಸುದ್ದಿ ಹಡಗು ಹೊರಡಲು ಒಂದೆರಡು ದಿನ ಇರುವಾಗಲೂ ಬರಬಹುದು. ಆ ಹೊತ್ತಿಗೆ ಹಳೆಯ ಕೋಣೆಯ ನಂಬರಿರುವ ಲಗೇಜ್ ಟ್ಯಾಗ್‌ಗಳನ್ನು ಪ್ರಿಂಟ್ ತೆಗೆದು ಸೂಟ್‌ಕೇಸಿಗೆ ಸ್ಟೇಪಲ್ ಮಾಡಿರುತ್ತೀರಿ. ಅವನ್ನು ಕಿತ್ತು ಹೊಸ ನಂಬರಿನವನ್ನು ಹಾಕಿ, ಇಲ್ಲವಾದರೆ ಪೆಟ್ಟಿಗೆ ಹಳೆಯ ಕೋಣೆಯ ಬಾಗಿಲಿಗೆ ಹೋಗುತ್ತದೆ. ಮಾತ್ರೆ-ಔಷಧಿ, ಪಾಸ್‌ಪೋರ್ಟ್, ಒಂದು ಸ್ವೆಟರ್ ಕೈಚೀಲದಲ್ಲೇ ಇರಲಿ.