ಜೌಗು ನಾಡಿನ ಮೇಯೋಟಿಯನ್ನರು

ಅಜೋವ್ ಸಮುದ್ರ ಹೆಸರಿಗಷ್ಟೇ ಸಮುದ್ರ. ಕಪ್ಪು ಸಮುದ್ರದ ಉತ್ತರಕ್ಕೆ, ಕೆರ್ಚ್ ಜಲಸಂಧಿಯ ಆಚೆಗಿರುವ ಇದರ ಗರಿಷ್ಠ ಆಳ ಸುಮಾರು 14 ಮೀಟರ್ ಮಾತ್ರ. ಪ್ರಾಚೀನ ಗ್ರೀಕರು ಇದನ್ನು ಮೇಯೋಟಿಸ್ ಸರೋವರವೆಂದರು. ರೋಮನ್ನರಿಗೆ ಇದು ಮೇಯೋಟಿಸ್ ಜೌಗು. ಇದರ ಪೂರ್ವ ದಂಡೆಯಲ್ಲಿ, ಇಂದಿನ ರಷ್ಯದ ಕುಬಾನ್ ನದಿಯ ಬಯಲಿನಲ್ಲಿ ಬಾಳಿದವರೇ ಮೇಯೋಟಿಯನ್ನರು.

ಇವರದು ಒಂದೇ ಬುಡಕಟ್ಟಲ್ಲ. ಸಿಂಡಿ, ದಂಡಾರಿ ಮೊದಲಾದ ಹಲವು ಪಂಗಡಗಳು ಇವರಲ್ಲಿದ್ದವು. ಬೇಸಾಯಗಾರರಾದರೂ ಇವರು ಕಾದಾಟದಲ್ಲಿ ಅಲೆಮಾರಿಗಳಿಗೆ ಕಡಿಮೆಯಿಲ್ಲ ಎಂದು ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ.

ನದೀಮುಖದಲ್ಲಿ ಜೊಂಡು ಬೆಳೆದ ಜೌಗು, ಒಳನಾಡಿನಲ್ಲಿ ಫಲವತ್ತಾದ ಕಪ್ಪು ಮಣ್ಣು. ಹೀಗಾಗಿ ಮೀನಿಗೂ ಗೋಧಿಗೂ ಬರವಿರಲಿಲ್ಲ. ಚಳಿಗಾಲದಲ್ಲಿ ಜಲಸಂಧಿ ಹೆಪ್ಪುಗಟ್ಟಿ ಅದರ ಮೇಲೆ ಗಾಡಿಗಳು ಓಡಾಡುತ್ತಿದ್ದವು. ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡ ದೊಡ್ಡ ಮೀನುಗಳನ್ನು ಜನ ಅಗೆದು ತೆಗೆಯುತ್ತಿದ್ದರು ಎಂದೂ ಸ್ಟ್ರಾಬೋ ಹೇಳುತ್ತಾನೆ.

ಈ ಭಾಗದ ಗೋಧಿ ದೂರದ ಅಥೆನ್ಸಿನ ಹೊಟ್ಟೆ ತುಂಬಿಸಿತು. ಜಲಸಂಧಿಯ ಎರಡೂ ದಡಗಳನ್ನು ಆಳುತ್ತಿದ್ದ ಗ್ರೀಕ್ ಮೂಲದ ಬಾಸ್ಪೊರಸ್ ರಾಜ್ಯದಿಂದ ಸುಮಾರು 4 ಲಕ್ಷ ಮೆಡಿಮ್ನಸ್ ಅಳತೆಯಷ್ಟು ಧಾನ್ಯ ಬರುತ್ತದೆಂದು ಕ್ರಿ.ಪೂ. 4ನೇ ಶತಮಾನದಲ್ಲಿ ವಾಗ್ಮಿ ಡೆಮಾಸ್ತನೀಸ್ ಹೇಳಿದ. ಬೆಳೆಯುವ ನೆಲ ಕೈಯಲ್ಲಿದ್ದರೆ ವ್ಯಾಪಾರವೂ ಕೈಯಲ್ಲಿ. ಬಾಸ್ಪೊರಸ್ಸಿನ ಅರಸರು ಶಾಸನಗಳಲ್ಲಿ ತಮ್ಮನ್ನು ಸಿಂಡಿಗಳ ರಾಜ, ಬಳಿಕ ಎಲ್ಲ ಮೇಯೋಟಿಯನ್ನರ ರಾಜ ಎಂದು ಕರೆದುಕೊಂಡರು.

ಈ ಒಡೆತನವನ್ನು ಎಲ್ಲರೂ ಸುಮ್ಮನೆ ಒಪ್ಪಲಿಲ್ಲ. ಮೇಯೋಟಿಯನ್ ಹೆಣ್ಣುಮಗಳು ತಿರ್ಗತಾವೋಳ ಕಥೆಯನ್ನು ಗ್ರೀಕ್ ಲೇಖಕ ಪಾಲಿಯೇನಸ್ ದಾಖಲಿಸಿದ್ದಾನೆ. ಆಕೆಯ ಗಂಡ ಸಿಂಡಿಗಳ ಅರಸ. ಈಕೆಯನ್ನು ಕೊಂದು ತನ್ನ ಮಗಳನ್ನು ಮದುವೆಯಾಗುವಂತೆ ಬಾಸ್ಪೊರಸ್ಸಿನ ಸ್ಯಾಟಿರಸ್ ಅವನಿಗೆ ಹೇಳಿದ. ಕೊಲ್ಲಲು ಮನಸ್ಸು ಬಾರದೆ ಗಂಡ ಆಕೆಯನ್ನು ಕೋಟೆಯಲ್ಲಿ ಕೂಡಿಹಾಕಿದ. ಆಕೆ ತಪ್ಪಿಸಿಕೊಂಡು, ಹಗಲು ಕಾಡಿನಲ್ಲಿ ಅಡಗಿ, ರಾತ್ರಿ ನಡೆದು ತವರಿನವರನ್ನು ಸೇರಿದಳು. ಮೇಯೋಟಿಯನ್ ಪಂಗಡಗಳನ್ನು ಒಗ್ಗೂಡಿಸಿ ದಾಳಿ ಮಾಡಿದಳು. ಸ್ಯಾಟಿರಸ್ ಕೊರಗಿನಿಂದಲೇ ಸತ್ತ. ಅವನ ಮಗ ಗೋರ್ಗಿಪ್ಪಸ್ ಕಾಣಿಕೆ ಒಪ್ಪಿಸಿ ಯುದ್ಧ ನಿಲ್ಲಿಸಬೇಕಾಯಿತು.

ಪಾಲಿಯೇನಸ್ ಬರೆದದ್ದು ಘಟನೆ ನಡೆದು ಐದು ಶತಮಾನಗಳ ಮೇಲೆ. ಆದ್ದರಿಂದ ಕಥೆಯಲ್ಲಿ ಚರಿತ್ರೆ ಎಷ್ಟು, ಕಲ್ಪನೆ ಎಷ್ಟು ಎಂಬ ಪ್ರಶ್ನೆ ಇದ್ದೇ ಇದೆ. ಮೇಯೋಟಿಯನ್ನರು ತಮ್ಮ ಭಾಷೆಯಲ್ಲಿ ಬರಹ ಬಿಟ್ಟುಹೋಗಿಲ್ಲ. ಅವರ ಬಗ್ಗೆ ಓದಿಗೆ ಸಿಗುವುದೆಲ್ಲ ಅವರ ಧಾನ್ಯ ಕೊಂಡವರ, ಅವರನ್ನು ಆಳಲು ಹೊರಟವರ ಮಾತು. ಕುಬಾನ್ ದಂಡೆಯ ಕೋಟೆಯೂರುಗಳಲ್ಲಿ ಉತ್ಖನನಕಾರರಿಗೆ ಸಿಕ್ಕ, ತಿಗರಿಯಲ್ಲಿ ಮಾಡಿದ ಬೂದು ಬಣ್ಣದ ಮಡಕೆಗಳು ಅವರ ಸ್ವಂತ ಸಾಕ್ಷ್ಯಗಳಲ್ಲಿ ಸೇರಿವೆ. ವಾಯವ್ಯ ಕಾಕಸಸ್ಸಿನ ಇಂದಿನ ಅದಿಗೆ ಜನರ ಪೂರ್ವಿಕರಲ್ಲಿ ಇವರೂ ಸೇರಿದ್ದಾರೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ.