ಕಂಪ್ಯೂಟರ್ ಮುದ್ರಿತ ಪತ್ರಗಳಲ್ಲಿ ಸಂಖ್ಯೆಗಳು ವ್ಯತ್ಯಾಸವಾಗಿ ಕಂಡುಬಂದಲ್ಲಿ

ಮಂಜೂರಾತಿ ಆದೇಶ, ತಿಳಿವಳಿಕೆ ಪತ್ರ ಮುಂತಾದವುಗಳನ್ನು ಏಕಕಾಲದಲ್ಲಿ ಅನೇಕ ಅರ್ಜಿದಾರರಿಗೆ ಕಳುಹಿಸಬೇಕಾದಾಗ ಕಚೇರಿಗಳಲ್ಲಿ ಮೇಲ್ ಮರ್ಜ್ ವಿಧಾನವನ್ನು ಅನುಸರಿಸಲಾಗುತ್ತದೆ. ಪತ್ರದ ಒಕ್ಕಣೆ ವರ್ಡ್ ಕಡತದಲ್ಲಿರುತ್ತದೆ. ಹೆಸರು, ಮೊತ್ತ, ಖಾತೆ ಸಂಖ್ಯೆಗಳು ಎಕ್ಸೆಲ್ ಪಟ್ಟಿಯಿಂದ ಬಂದು ಖಾಲಿ ಸ್ಥಳಗಳಲ್ಲಿ ಸೇರುತ್ತವೆ. ಹೀಗೆ ಸೇರುವಾಗ ಪಟ್ಟಿಯಲ್ಲಿ ಕಣ್ಣಿಗೆ ಕಾಣುವ ರೂಪ ಬಾರದೆ, ಕಂಪ್ಯೂಟರ್ ಒಳಗೆ ಇರಿಸಿಕೊಂಡಿರುವ ಮೌಲ್ಯವಷ್ಟೇ ಬರುವುದುಂಟು. ಪಟ್ಟಿಯಲ್ಲಿ ರೂ. 4,217.30 ಎಂದಿರುವುದು ಪತ್ರದಲ್ಲಿ 4217.3000000000002 ಎಂದು ಅಚ್ಚಾಗಬಹುದು. ಇದನ್ನು ಕಂಡು ಅರ್ಜಿದಾರರು ಗಾಬರಿಗೊಳ್ಳುವುದು ಸಹಜವಾದರೂ ಮೊತ್ತದಲ್ಲಿ ಯಾವ ವ್ಯತ್ಯಾಸವೂ ಆಗಿರುವುದಿಲ್ಲ. ವರ್ಡ್ ಕಡತದಲ್ಲಿ ಮೊತ್ತದ ಸ್ಥಳಕ್ಕೆ \# "0.00" ಎಂಬ ನಮೂನೆಯನ್ನು ಸೇರಿಸಿ ಮರುಮುದ್ರಿಸಿದರೆ ಸರಿಹೋಗುತ್ತದೆ.

ದಿನಾಂಕದಲ್ಲಿ ತಿಂಗಳು ಮೊದಲು, ದಿನ ನಂತರ ಅಚ್ಚಾಗುವುದೂ ಇದೇ ಕಾರಣದಿಂದ. ಏಪ್ರಿಲ್ 7 ಎಂಬುದು 4/7 ಎಂದು ಅಚ್ಚಾದರೆ ಅದನ್ನು ಜುಲೈ 4 ಎಂದು ಓದಿ, ಉತ್ತರ ಸಲ್ಲಿಸುವ ಕೊನೆಯ ದಿನವನ್ನು ಕಳೆದುಕೊಳ್ಳುವ ಸಂಭವವಿದೆ. ಸಂದೇಹವಿದ್ದಲ್ಲಿ ಮೊದಲೇ ವಿಚಾರಿಸತಕ್ಕದ್ದು.

ಬ್ಯಾಂಕ್ ಖಾತೆ ಸಂಖ್ಯೆಯ ವಿಷಯ ಹೀಗಲ್ಲ. ಎಕ್ಸೆಲ್ ಯಾವುದೇ ಸಂಖ್ಯೆಯ ಮೊದಲ 15 ಅಂಕಿಗಳನ್ನು ಮಾತ್ರ ಉಳಿಸಿಕೊಂಡು ಮುಂದಿನವುಗಳನ್ನು ಸೊನ್ನೆ ಮಾಡುತ್ತದೆ. ಕೆಲವು ಬ್ಯಾಂಕುಗಳ ಖಾತೆ ಸಂಖ್ಯೆ 16 ಅಂಕಿಗಳದ್ದು. ಪಾಸ್‌ಬುಕ್ಕಿನಲ್ಲಿ 7 ಎಂದು ಕೊನೆಗೊಳ್ಳುವ ಅಂಥ ಸಂಖ್ಯೆಯು ಪತ್ರದಲ್ಲಿ 0 ಎಂದು ಕೊನೆಗೊಂಡಿದ್ದರೆ, ತಪ್ಪು ಪತ್ರದಲ್ಲಿ ಮಾತ್ರವಲ್ಲ, ಪಟ್ಟಿಯಲ್ಲಿಯೇ ಇರಬಹುದು. ಅದೇ ಪಟ್ಟಿಯಂತೆ ಪಾವತಿಯಾದಲ್ಲಿ ಹಣವು ಹಿಂದಿರುಗಬಹುದು ಅಥವಾ ಅನ್ಯರ ಖಾತೆಗೆ ಸೇರಬಹುದು. ಕಳೆದುಹೋದ ಅಂಕಿಯನ್ನು ಯಾವ ನಮೂನೆಯೂ ಮರಳಿ ತರಲಾರದು. ಪಟ್ಟಿಯ ಆ ಕಾಲಂ ಅನ್ನು ಪಠ್ಯ ರೂಪಕ್ಕೆ ಬದಲಿಸಿಕೊಂಡು, ಮೂಲ ಅರ್ಜಿಯನ್ನು ನೋಡಿ ಸಂಖ್ಯೆಯನ್ನು ಹೊಸದಾಗಿ ನಮೂದಿಸಬೇಕಾಗುತ್ತದೆ. ಆರಂಭದ ಸೊನ್ನೆಗಳು ಬಿಟ್ಟುಹೋಗುವುದೂ ಉಂಟು. ಒಟ್ಟು ಅಂಕಿಗಳೆಷ್ಟು ಎಂಬುದು ಗೊತ್ತಿದ್ದರೆ ಅವುಗಳನ್ನು ಮರಳಿ ಸೇರಿಸಬಹುದು.

ಆದ್ದರಿಂದ ಪತ್ರ ತಲುಪಿದ ಕೂಡಲೇ ಖಾತೆ ಸಂಖ್ಯೆಯನ್ನು ಪಾಸ್‌ಬುಕ್ಕಿನೊಡನೆ ಅಂಕಿ ಅಂಕಿಯಾಗಿ, ವಿಶೇಷವಾಗಿ ಮೊದಲ ಮತ್ತು ಕೊನೆಯ ಅಂಕಿಗಳನ್ನು, ತಾಳೆ ನೋಡತಕ್ಕದ್ದು. ವ್ಯತ್ಯಾಸವಿದ್ದಲ್ಲಿ ಪತ್ರದ ಪ್ರತಿ ಹಾಗೂ ಪಾಸ್‌ಬುಕ್ಕಿನ ಮೊದಲ ಪುಟದ ನಕಲಿನೊಂದಿಗೆ, ಪತ್ರ ಹೊರಡಿಸಿದ ಶಾಖೆಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಮನವಿಯಲ್ಲಿ “ಪಟ್ಟಿಯನ್ನೂ ತಿದ್ದುಪಡಿ ಮಾಡುವುದು” ಎಂದು ಸ್ಪಷ್ಟವಾಗಿ ಬರೆಯುವುದು ಒಳಿತು. ಇಲ್ಲವಾದಲ್ಲಿ ಪತ್ರ ಮಾತ್ರ ಸರಿಯಾಗಿ, ಹಣ ಹಳೆಯ ಸಂಖ್ಯೆಗೇ ಹೋಗಬಹುದು. ಅರ್ಜಿಯಲ್ಲಿ ಸಂಖ್ಯೆ ಸರಿಯಾಗಿದ್ದರೆ ಇದು ಅರ್ಜಿದಾರರ ಲೋಪವಲ್ಲ. ಹೊಸ ಅರ್ಜಿ ಕೇಳುವುದು ಸಮಂಜಸವೂ ಅಲ್ಲ. ಪತ್ರದ ಮೇಲೆ ಅರ್ಜಿದಾರರೇ ಪೆನ್ನಿನಿಂದ ತಿದ್ದಬಾರದು.