ಉಚಿತ ಮನೆಯ ತಿಂಗಳ ಖರ್ಚು

ಹಿಂದಿನ ಅಧ್ಯಾಯದಲ್ಲಿ ಮನೆ ಕಟ್ಟುವ ಖರ್ಚನ್ನು ನೋಡಿದೆವು. ಈಗ ಕಟ್ಟಿ ಮುಗಿದ ಮೇಲಿನ ಮಾತು. ಬೀಗದಕೈ ಹಸ್ತಾಂತರಿಸುವ ದಿನ ಮಂತ್ರಿಗಳು ಬರುತ್ತಾರೆ, ಫೋಟೊ ತೆಗೆಯುತ್ತಾರೆ. ಹತ್ತು ವರ್ಷದ ಮೇಲೆ ಅದೇ ಬಾಗಿಲು ತಟ್ಟಿ, ಒಳಗೆ ಅದೇ ಕುಟುಂಬ ಇದೆಯೇ ಎಂದು ಕೇಳಲು ಯಾರೂ ಹೋಗುವುದಿಲ್ಲ.

ಎರಡು ವ್ಯಾಖ್ಯೆಗಳನ್ನು ಬೇಗ ಮುಗಿಸಿಬಿಡೋಣ. ವಾಸದ ಖರ್ಚು ಕುಟುಂಬದ ಆದಾಯದ ಶೇ 30ರೊಳಗೆ ಇದ್ದರೆ ಅದು ಕೈಗೆಟಕುವ ಮನೆ ಎನ್ನುವುದು ಬಳಕೆಯಲ್ಲಿರುವ ಅಂದಾಜು. ಆ ಮನೆಯಲ್ಲಿ ಬಡ ಕುಟುಂಬವೊಂದು ದುಡಿಮೆ, ಆರೋಗ್ಯ, ನೆರೆಹೊರೆ ಕಳೆದುಕೊಳ್ಳದೆ ವರ್ಷಗಟ್ಟಲೆ ನೆಲೆ ನಿಲ್ಲುವುದಾದರೆ ಅದನ್ನು ಸಾಮಾಜಿಕ ಸುಸ್ಥಿರತೆ ಎನ್ನುತ್ತಾರೆ. ಮೊದಲನೆಯದನ್ನು ಲೆಕ್ಕ ಹಾಕುವಾಗ ಬಾಡಿಗೆ, ಸಾಲದ ಕಂತು ಎರಡನ್ನೇ ಹಿಡಿಯುವುದು ವಾಡಿಕೆ. ತೊಡಕು ಹುಟ್ಟುವುದು ಅಲ್ಲಿಯೇ.

ಉದಾಹರಣೆಗೆ ಮುಂಬೈಯನ್ನೇ ತೆಗೆದುಕೊಳ್ಳೋಣ. 2011ರ ಜನಗಣತಿಯಲ್ಲಿ ಬೃಹನ್ಮುಂಬೈಯ ಜನಸಂಖ್ಯೆ 1.24 ಕೋಟಿ, ಅದರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನ ಕೊಳೆಗೇರಿಯವರು. 1995ರಲ್ಲಿ ಮಹಾರಾಷ್ಟ್ರ ಸರ್ಕಾರ ಸ್ಲಂ ಪುನರ್ವಸತಿ ಪ್ರಾಧಿಕಾರವನ್ನು ಕಟ್ಟಿತು. ಅಲ್ಲಿನವರ ಬಾಯಲ್ಲಿ ಅದು ಬರೀ ಎಸ್‌ಆರ್‌ಎ. ಅದರ ಸೂತ್ರ ಜಾಣತನದ್ದು: ಬಿಲ್ಡರ್ ಗುಡಿಸಲಿನವರಿಗೆ ಮನೆಯನ್ನು ಪುಕ್ಕಟೆ ಕಟ್ಟಿಕೊಡಬೇಕು, ಅದಕ್ಕೆ ಪ್ರತಿಯಾಗಿ ಹೆಚ್ಚುವರಿ ಕಟ್ಟಡದ ಹಕ್ಕು ಪಡೆದು ಅದನ್ನು ಮಾರುಕಟ್ಟೆಯಲ್ಲಿ ಮಾರಿಕೊಳ್ಳಬೇಕು. ಆಗ ಮನೆಯ ಅಳತೆ 225 ಚದರಡಿ. ಮುಂದೆ ಅದು 269 ಆಯಿತು, ಆಮೇಲೆ 300. ನಿವಾಸಿ ಕೊಡಬೇಕಾದ ಬೆಲೆ ಮಾತ್ರ ಸೊನ್ನೆ. ಇದಕ್ಕಿಂತ ಕೈಗೆಟಕುವ ಮನೆ ಇರಲು ಸಾಧ್ಯವೇ?

ಹೀಗಿದ್ದೂ ಎಷ್ಟೋ ಜನ ಮನೆಯನ್ನು ಬಾಡಿಗೆಗೆ ಬಿಟ್ಟು, ಇಲ್ಲವೇ ನಿಯಮ ಮೀರಿ ಮಾರಿ, ಮತ್ತೆ ಗುಡಿಸಲು ಸೇರಿದರು. ನಾನು ಈ ವಿಷಯ ಮಾತಾಡಿದಲ್ಲೆಲ್ಲ ಸಭೆಯಿಂದ ಒಂದು ಮಾತು ತಪ್ಪದೆ ಬರುತ್ತದೆ: ‘ಅವರಿಗೆ ಅದೇ ಅಭ್ಯಾಸ ಸ್ವಾಮಿ, ಏನು ಕೊಟ್ಟರೂ ಮಾರಿಕೊಳ್ಳುತ್ತಾರೆ.’ ಈ ಮಾತನ್ನು ಬೈದು ಓಡಿಸಲಾಗದು, ಲೆಕ್ಕದಿಂದ ಓಡಿಸಬೇಕು. ಹಾಗಾಗಿ ಲೆಕ್ಕಕ್ಕೆ ಕೂರೋಣ.

ನೆಲಕ್ಕಂಟಿದ ಗುಡಿಸಲಿಗೆ ಲಿಫ್ಟ್ ಬೇಡ, ಪಂಪು ಬೇಡ, ಮೆಟ್ಟಿಲಿಗೊಂದು ದೀಪ ಬೇಡ. ಅದೇ ಕುಟುಂಬವನ್ನು ಏಳನೇ ಮಹಡಿಗೆ ಏರಿಸಿದಿರಿ ಎನ್ನಿ. ಅಂದಿನಿಂದ ನೀರನ್ನು ಮೇಲಿನ ಟ್ಯಾಂಕಿಗೆ ಎತ್ತಬೇಕು, ಮನುಷ್ಯರನ್ನೂ ಎತ್ತಬೇಕು. ಎರಡಕ್ಕೂ ಕರೆಂಟು ಬೇಕು, ಕೆಟ್ಟರೆ ರಿಪೇರಿ ಬೇಕು. ಎತ್ತರಕ್ಕೆ ತಿಂಗಳು ತಿಂಗಳು ತೆರಬೇಕಾದ ಬೆಲೆಯೊಂದಿದೆ. ಹಂಚಿಕೆಯ ಪತ್ರದಲ್ಲಿ ಅದು ಕಾಣುವುದಿಲ್ಲ.

ಯೋಜನೆ ರೂಪಿಸಿದವರು ಇದನ್ನು ಪೂರ್ತಿ ಮರೆತಿರಲಿಲ್ಲ. ಬಿಲ್ಡರ್ ಮನೆಯೊಂದಕ್ಕೆ 20,000 ರೂಪಾಯಿ ಠೇವಣಿ ಇಡಬೇಕು, ಅದರ ಬಡ್ಡಿಯಿಂದ ನಿರ್ವಹಣೆ ನಡೆಯಬೇಕು ಎಂದು ನಿಯಮ ಮಾಡಿದ್ದರು. ಮುಂದೆ ಅದು 40,000ಕ್ಕೆ ಏರಿತು. ಶೇ 6ರ ಬಡ್ಡಿ ಹಿಡಿಯಿರಿ. 20,000ಕ್ಕೆ ವರ್ಷಕ್ಕೆ 1,200, ತಿಂಗಳಿಗೆ ನೂರು ರೂಪಾಯಿ. ಮಹಡಿಗೆ 12ರಂತೆ ಎಂಟು ಅಂತಸ್ತಿನಲ್ಲಿ 96 ಮನೆಗಳಿವೆ ಎಂದುಕೊಂಡರೆ ಇಡೀ ಕಟ್ಟಡಕ್ಕೆ ತಿಂಗಳಿಗೆ 9,600. ಇವತ್ತು ಕಸ ಗುಡಿಸುವ ಒಬ್ಬರಿಗೆ ನ್ಯಾಯವಾದ ಸಂಬಳ ಕೊಡಲೂ ಅದು ಸಾಲದು. ಲಿಫ್ಟಿನ ವಾರ್ಷಿಕ ಗುತ್ತಿಗೆ, ಪಂಪಿನ ಬಿಲ್ಲು, ಟ್ಯಾಂಕು ತೊಳೆಸುವುದು ಎಲ್ಲ ನಿವಾಸಿಗಳ ಕಿಸೆಯಿಂದಲೇ ಬರಬೇಕು.

ಇನ್ನು ಮುಂದಿನದು ನನಗೆ ಅತ್ಯಂತ ಕುತೂಹಲದ ಭಾಗ; ಅವಸರ ಮಾಡದೆ ಓದಿ. ನೆಲಮಹಡಿಯವರು ‘ಲಿಫ್ಟ್ ಹತ್ತದ ನಾವೇಕೆ ದುಡ್ಡು ಕೊಡಬೇಕು’ ಎನ್ನುತ್ತಾರೆ. ಮಾತು ನ್ಯಾಯವಾಗಿಯೇ ಇದೆ. ವಸೂಲಿ ಒಂದಿಷ್ಟು ಕುಸಿಯುತ್ತದೆ. ಲಿಫ್ಟ್ ಕೆಟ್ಟಾಗ ರಿಪೇರಿ ತಡವಾಗುತ್ತದೆ. ಆಗ ಮೇಲಿನವರೂ ‘ಕೆಟ್ಟು ನಿಂತ ಲಿಫ್ಟಿಗೆ ಯಾಕೆ ಕೊಡಬೇಕು’ ಎನ್ನುತ್ತಾರೆ. ಇದೂ ನ್ಯಾಯವೇ! ಈಗ ವಸೂಲಿ ನೆಲಕಚ್ಚುತ್ತದೆ, ಪಂಪಿನ ಬಿಲ್ಲು ಬಾಕಿ ಬೀಳುತ್ತದೆ, ಸಂಪರ್ಕ ಕಡಿತವಾಗುತ್ತದೆ. ಕೊಡ ಹೊತ್ತು ಏಳು ಮಹಡಿ ಹತ್ತುವುದು ಹೆಂಗಸರ ಪಾಲಿಗೆ ಬರುತ್ತದೆ. ಮೊಣಕಾಲು ನೋವಿನ ಅಜ್ಜಿ ಕೆಳಗಿಳಿಯುವುದನ್ನೇ ಬಿಡುತ್ತಾಳೆ. ಇಲ್ಲಿ ಯಾರೂ ದುರಾಸೆಯವರಲ್ಲ. ಒಬ್ಬೊಬ್ಬರ ವಾದವೂ ಸರಿಯಿದ್ದು ಇಡೀ ಕಟ್ಟಡ ಕೆಡುತ್ತದೆ.

ಖರ್ಚು ಏರುವಾಗಲೇ ಗಳಿಕೆ ಇಳಿಯುತ್ತದೆ. ಗುಡಿಸಲಿನ ಹೊಸ್ತಿಲೇ ಅಂಗಡಿ, ಇಡ್ಲಿ ಗಾಡಿ ನಿಲ್ಲಿಸುವ ಜಾಗ, ಹಪ್ಪಳ ಒಣಗಿಸುವ ಕಣ. ಏಳನೇ ಮಹಡಿಯ ಬಾಗಿಲಿಗೆ ಯಾವ ಗಿರಾಕಿ ಬರುತ್ತಾನೆ? ವಿಶ್ವಬ್ಯಾಂಕಿನ ಸಾಲದಿಂದ 2002ರಲ್ಲಿ ಮುಂಬೈಯ ನಗರ ಸಾರಿಗೆ ಯೋಜನೆ ಶುರುವಾದಾಗ, ರೈಲು ಹಳಿ ಮತ್ತು ರಸ್ತೆ ಬದಿಯ ಸಾವಿರಾರು ಕುಟುಂಬಗಳನ್ನು ಮಾನ್‌ಖುರ್ದ್ ಕಡೆಗೆ ಸಾಗಿಸಿದರು. ಬ್ಯಾಂಕಿನ ತಪಾಸಣಾ ಮಂಡಳಿಗೆ 2004ರಲ್ಲಿ ದೂರು ಒಯ್ದವರಲ್ಲಿ ಮುಂದೆ ನಿಂತವರು ರಸ್ತೆ ಬದಿಯ ಅಂಗಡಿಕಾರರು. 2006ರಲ್ಲಿ ಬ್ಯಾಂಕು ಕೆಲವು ತಿಂಗಳು ಹಣ ಬಿಡುಗಡೆಯನ್ನೇ ತಡೆಹಿಡಿದಿತ್ತು.

ಖರ್ಚು ಏರಿತು, ಗಳಿಕೆ ಇಳಿಯಿತು; ಮೂರನೆಯ ಸೋರಿಕೆ ಯಾವ ಕಡತದಲ್ಲೂ ಇಲ್ಲ. ಲಾಟರಿ ಎತ್ತಿ ಮನೆ ಹಂಚಿದಾಗ ಹಳೆಯ ನೆರೆಯವರು ಚದುರುತ್ತಾರೆ. ಉದ್ರಿ ಕೊಡುವ ಕಿರಾಣಿಯವನು, ಕೂಲಿಗೆ ಹೋದಾಗ ಮಗು ನೋಡಿಕೊಳ್ಳುವ ಪಕ್ಕದ ಮನೆಯಾಕೆ, ಚೀಟಿ ನಡೆಸುವ ಅಕ್ಕ, ಎಲ್ಲರೂ ಬೇರೆ ಬೇರೆ ಕಟ್ಟಡ ಸೇರುತ್ತಾರೆ. ಮುಂಬೈಯ ಚಾಳುಗಳನ್ನು ಜಯಂತ ಕಾಯ್ಕಿಣಿಯವರ ಕಥೆಗಳಲ್ಲಿ ಕಂಡ ಕನ್ನಡ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಾಳಿನ ಕೋಣೆ ಚಿಕ್ಕದು, ಆದರೆ ಮುಂದೆ ಉದ್ದದ ಜಗಲಿ. ಬದುಕಿನ ಅರ್ಧ ಅಲ್ಲೇ ನಡೆಯುತ್ತಿತ್ತು. ಹೊಸ ಕಟ್ಟಡಗಳಲ್ಲಿ ಆ ಜಗಲಿ ಎರಡೂ ಕಡೆ ಬಾಗಿಲುಗಳಿರುವ ಕತ್ತಲೆಯ ಓಣಿಯಾಯಿತು. ಎರಡು ಕಟ್ಟಡಗಳ ನಡುವೆ ಮೂರು ಮೀಟರಿನಷ್ಟು ಸಂದು. ಮಾನ್‌ಖುರ್ದ್ ಮತ್ತು ಗೋವಂಡಿ ಕಡೆಯ ಪುನರ್ವಸತಿ ಕಾಲೊನಿಗಳಲ್ಲಿ ಡಾಕ್ಟರ್ಸ್ ಫಾರ್ ಯು ಸಂಸ್ಥೆ ನಡೆಸಿದ ಅಧ್ಯಯನ, ಬಿಸಿಲು ಗಾಳಿ ತಲುಪದ ಕೆಳಮಹಡಿಗಳಲ್ಲಿ ಕ್ಷಯ ಹೆಚ್ಚಿರುವುದನ್ನು ಗುರುತಿಸಿದೆ.

ಹಾಗಾದರೆ ಎತ್ತರವೇ ಶತ್ರುವೇ? ಅಲ್ಲ. ಸಿಂಗಪುರದಲ್ಲಿ 1960ರಲ್ಲಿ ಹುಟ್ಟಿದ ವಸತಿ ಮಂಡಳಿಯ ಬಹುಮಹಡಿಗಳಲ್ಲಿ ಇಂದು ಅಲ್ಲಿನ ನಿವಾಸಿಗಳಲ್ಲಿ ಹತ್ತಿರ ಹತ್ತಿರ ಹತ್ತಕ್ಕೆ ಎಂಟು ಮಂದಿ ಬಾಳುತ್ತಿದ್ದಾರೆ. ಅಲ್ಲಿನ ಪಟ್ಟಣ ಮಂಡಳಿಗಳು ತಿಂಗಳ ನಿರ್ವಹಣಾ ಶುಲ್ಕ ವಸೂಲು ಮಾಡುತ್ತವೆ. ಅದರಲ್ಲಿ ಒಂದು ಪಾಲನ್ನು ಲಿಫ್ಟ್ ಬದಲಿಸುವಂಥ ದೊಡ್ಡ ಕೆಲಸಗಳಿಗೆ ಎತ್ತಿಡಲೇಬೇಕೆಂದು ಕಾನೂನಿದೆ. ಬಡವರಿಗೆ ಶುಲ್ಕದಲ್ಲಿ ಸರ್ಕಾರದ ರಿಯಾಯಿತಿ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಕೆಲವೇ ಮಹಡಿಗಳಲ್ಲಿ ನಿಲ್ಲುತ್ತಿತ್ತು. ಜನರಿಗೆ ವಯಸ್ಸಾಗುತ್ತಿದೆ ಎಂದು 2001ರಿಂದ ಎಲ್ಲ ಮಹಡಿಯಲ್ಲೂ ನಿಲ್ಲುವಂತೆ ಬದಲಿಸುತ್ತಾ ಬಂದರು. ಅನೇಕ ಕಟ್ಟಡಗಳ ನೆಲಮಹಡಿಯನ್ನು ಬೇಕೆಂದೇ ಖಾಲಿ ಬಿಟ್ಟಿದ್ದಾರೆ. ಒಂದು ವಾರ ಮಲಯರ ಮದುವೆ, ಮುಂದಿನ ವಾರ ಚೀನೀಯರ ಸಾವಿನ ವಿಧಿ, ಎರಡೂ ಆ ಒಂದೇ ಅಂಗಳದಲ್ಲಿ. ಅಲ್ಲಿ ಭೂಮಿಯ ಬಹುಪಾಲು ಸರ್ಕಾರದ್ದೆಂಬುದನ್ನು ಮರೆಯಬಾರದು, ನಿಜ. ಆದರೂ ಲಿಫ್ಟಿನ ಲೆಕ್ಕಕ್ಕೆ ಭೂಮಿಯ ನೆಪ ಹೇಳುವಂತಿಲ್ಲ.

ಪರಿಹಾರಕ್ಕೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿ ಮುಂಬೈಯ ಜನತಾ ಕಾಲೊನಿ ಸೇರಿದ ಜೋಕಿನ್ ಅರ್ಪುತಂ, 1976ರಲ್ಲಿ ಆ ಕಾಲೊನಿಯನ್ನು ಎಬ್ಬಿಸಿದ್ದನ್ನು ಕಣ್ಣಾರೆ ಕಂಡವರು. ಅವರು ಕಟ್ಟಿದ ಸ್ಲಂ ನಿವಾಸಿಗಳ ಒಕ್ಕೂಟ, ಅದರ ಜೊತೆಗಿನ ಮಹಿಳಾ ಮಿಲನ್ ಮತ್ತು ಸ್ಪಾರ್ಕ್ ಸಂಸ್ಥೆಗಳು ಸೇರಿ, ಹಳಿ ಬದಿಯ ಕುಟುಂಬಗಳು ಸಾಗುವ ಮೊದಲೇ ನೆರೆಹೊರೆಯವರನ್ನು ಒಟ್ಟುಹಾಕಿ ಸಹಕಾರ ಸಂಘ ಮಾಡಿಸಿದವು. ದಿನಕ್ಕೆ ಒಂದೆರಡು ರೂಪಾಯಿ ಉಳಿಸುವ ಅಭ್ಯಾಸವಿದ್ದ ಹೆಂಗಸರೇ ಲೆಕ್ಕ ಹಿಡಿದರು. 2000ದಲ್ಲಿ ಅರ್ಪುತಂ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆದರೆ ಸಂಘಟನೆ ಎಷ್ಟೇ ಗಟ್ಟಿಯಿದ್ದರೂ ಮೂರು ಮೀಟರಿನ ಸಂದಿಗೆ ಬಿಸಿಲು ತರಲಾಗದು. ಅದು ನಕ್ಷೆ ಮಂಜೂರು ಮಾಡುವವರ ಹೊಣೆ.

ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿ ಬೆಂಗಳೂರಿನಲ್ಲಿ ಕಟ್ಟಿದ ಮನೆಗಳಲ್ಲಿ ಬಹಳಷ್ಟು ನೆಲಮಹಡಿಯ ಮೇಲೆ ಮೂರು ಅಂತಸ್ತಿನವು, ಲಿಫ್ಟಿಲ್ಲದವು. ನೋಡಲು ಸಪ್ಪೆಯಾಗಿದ್ದರೂ ಈ ಲೆಕ್ಕದಲ್ಲಿ ಅವು ಬುದ್ಧಿವಂತಿಕೆಯ ಕಟ್ಟಡಗಳು ಎಂಬುದು ನನ್ನ ಅಭಿಪ್ರಾಯ. ಭೂಮಿಯ ಬೆಲೆ ಏರಿದಂತೆ ಇಲ್ಲಿಯೂ ಗೋಪುರಗಳ ಮಾತು ಬರುತ್ತದೆ, ಬರುತ್ತಿದೆ. ಅಷ್ಟರೊಳಗೆ ನಮ್ಮ ಕೈಯಲ್ಲಿ ನಮ್ಮದೇ ಅಂಕಿಅಂಶ ಇರಬೇಕು. ಕಾಲೇಜು ಅಧ್ಯಾಪಕರಲ್ಲಿ, ವಾಣಿಜ್ಯ ಮತ್ತು ಸಮಾಜಶಾಸ್ತ್ರದ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೆ: ನಿಮ್ಮ ಊರಿನಲ್ಲಿ ಹಂಚಿಕೆಯಾಗಿ ಹತ್ತು ವರ್ಷ ದಾಟಿದ ಒಂದು ಮಂಡಳಿ ಕಟ್ಟಡವನ್ನು ಆರಿಸಿಕೊಳ್ಳಿ. ಪಂಪಿನ ಬಿಲ್ಲು ಯಾರು ಕಟ್ಟುತ್ತಾರೆ, ಎಷ್ಟು ಮನೆ ಬಾಕಿ ಇವೆ, ಮೊದಲು ಬಂದವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ, ಹೋದವರು ಯಾಕೆ ಹೋದರು ಎಂದು ನಿವಾಸಿಗಳನ್ನೇ ಕೇಳಿ ಬರೆದುಕೊಳ್ಳಿ. ಬರೆದದ್ದನ್ನು ಕನ್ನಡದಲ್ಲಿ ಪ್ರಕಟಿಸಿ, ಒಂದು ಪ್ರತಿಯನ್ನು ಮಂಡಳಿಗೂ ಕಳಿಸಿ.